ಹಿತ್ತಲಿನ ಪೀಚ್ ಮರದ್ದು ಎಲ್ಲಾ ಒಟ್ಟಿಗೇ ಹಣ್ಣಾಗ್ತಿದೆ, ಯಾವಾಗ ಕೀಳೋದು, ಏನ್ ಮಾಡೋದು?

ಹಿತ್ತಲಗಿಡ

ಎಲ್ರಿಗೂ ನಮಸ್ಕಾರ. ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ, ತಗೊಂಡ ಮನೆ ಹಿಂದೆ ಒಂದು ಹಳೇ ಪೀಚ್ ಮರ ಇದೆ. ಹಳೇ ಓನರ್ ಯಾವ ತಳಿ ಅಂತ ಏನೂ ಹೇಳಿಲ್ಲ, ತಿರುಳು ಹಳದಿ, ವಾಟೆ ಸುಲಭವಾಗಿ ಬಿಟ್ಕೊಳತ್ತೆ, ಅಷ್ಟೇ ನಂಗೆ ಗೊತ್ತಿರೋದು. ಈ ಸಲ ಕೊಂಬೆ ಮುರಿಯೋ ಹಂಗೆ ಕಾಯಿ ಬಿಟ್ಟಿದೆ, ಜುಲೈ ಬಂತು ನೋಡಿ, ಎಲ್ಲಾ ಕೆಂಪಗಾಗಿ ಕೂತಿವೆ, ಆದ್ರೆ ಮುಟ್ಟಿದ್ರೆ ಇನ್ನೂ ಗಟ್ಟಿ. ಅಳಿಲುಗಳು ಮಾತ್ರ ಕಾಯ್ತಿಲ್ಲ, ಒಂದೊಂದಕ್ಕೂ ಒಂದೊಂದ್ ಬಾಯಿ ಹಾಕಿ ಕೆಳಗೆ ಬೀಳಿಸ್ತಿವೆ, ಪೂರ್ತಿ ತಿಂದ್ರೂ ಬೇಜಾರಿರ್ಲಿಲ್ಲ.

ಅತ್ತೆ ಮೈಸೂರಿಂದ ಬಂದಿದ್ದಾರೆ, ಅವ್ರು ಹೇಳೋದು ಎಲ್ಲಾ ಕಿತ್ತು ಮಾವಿನಕಾಯಿ ಥರ ಅಕ್ಕಿ ಡಬ್ಬದಲ್ಲಿಟ್ಟು ಹಣ್ಣು ಮಾಡೋಣ ಅಂತ. ನಮ್ಮನೆಯವ್ರು ಮರದಲ್ಲೇ ಬಿಡು ಅಂತಾರೆ. ಸ್ವಲ್ಪ ಕಿತ್ತು ಫ್ರಿಜ್ಜಲ್ಲಿಟ್ಟು ನೋಡಿದ್ವಿ, ರಸಾನೇ ಇಲ್ಲ, ಹತ್ತಿ ಜಗಿದಂಗೆ ಇತ್ತು. ಅಂಗಡಿ ಪೀಚೂ ಬಹಳ ಸಲ ಹಿಂಗೇ ಇರತ್ತೆ, ಅದಕ್ಕೇ ಈ ಹಣ್ಣೇ ಇಷ್ಟೇನೋ ಅಂದ್ಕೊಂಡಿದ್ದೆ, ಆದ್ರೆ ನಿನ್ನೆ ತಾನಾಗೇ ಕೈಗೆ ಬಂದ ಒಂದನ್ನ ತಿಂದು ಅತ್ತೆ, ನಾನು ಇಬ್ರೂ ಬೆರಗಾದ್ವಿ, ಮೊಣಕೈ ತನಕ ರಸ ಇಳೀತಿತ್ತು.

ಯಾವಾಗ ಕೀಳ್ಬೇಕು, ಹೆಂಗೆ ಇಡ್ಬೇಕು, ಇಷ್ಟೊಂದು ಹಣ್ಣನ್ನ ಏನ್ ಮಾಡ್ಬೇಕು, ಗೊತ್ತಿರೋರು ಹೇಳಿ. ಜಾಮ್ ಬೇಡ, ಮನೇಲಿ ಯಾರೂ ತಿನ್ನಲ್ಲ.

ಮಣ್ಣುಹುಳ

ಅತ್ತೆಯವ್ರು ಬೇಜಾರು ಮಾಡ್ಕೋಬಾರ್ದು, ಆದ್ರೆ ಮಾವಿನ ಲೆಕ್ಕ ಪೀಚ್‌ಗೆ ನಡೆಯಲ್ಲ. ಬಲಿತ ಮಾವಿನಕಾಯಲ್ಲಿ ಪಿಷ್ಟ ತುಂಬಿರತ್ತೆ, ಹುಲ್ಲಲ್ಲಿ ಅಡೆ ಹಾಕಿದಾಗ ಆ ಪಿಷ್ಟ ಸಕ್ಕರೆ ಆಗತ್ತೆ, ಅದಕ್ಕೇ ಹುಳಿ ಕಾಯಿ ಹೋಗಿ ಸಿಹಿ ಹಣ್ಣಾಗೋದು. ಪೀಚಲ್ಲಿ ಹಂಗೆ ಕೂಡಿಟ್ಟ ಪಿಷ್ಟ ಇರಲ್ಲ. ಕಿತ್ತ ಮೇಲೆ ಮೆತ್ತಗಾಗತ್ತೆ, ಘಮ ಬರತ್ತೆ, ಹುಳಿ ಸ್ವಲ್ಪ ಇಳಿಯತ್ತೆ, ಆದ್ರೆ ಸಕ್ಕರೆ ಮಾತ್ರ ಕೀಳೋ ಹೊತ್ತಿಗೆ ಎಷ್ಟಿತ್ತೋ ಅಷ್ಟೇ. ಕೊನೇ ಕೆಲವು ದಿನದಲ್ಲೇ ಮರ ಹಣ್ಣಿಗೆ ಜಾಸ್ತಿ ಸಕ್ಕರೆ ತುಂಬೋದು, ಗಾತ್ರಾನೂ ಆವಾಗ್ಲೇ ಏರೋದು, ದೂರದ ಅಂಗಡಿಗೆ ಹೋಗೋ ಹಣ್ಣನ್ನ ಗಟ್ಟಿ ಇದ್ದಾಗ್ಲೇ ಕೀಳ್ತಾರೆ, ಹಿತ್ತಲ ಹಣ್ಣಿಗೂ ಅದಕ್ಕೂ ಇರೋ ವ್ಯತ್ಯಾಸ ಬಹುತೇಕ ಅಲ್ಲೇ ಇರೋದು.

ಕೆಂಪು ಬಣ್ಣ ನಂಬ್ಬೇಡಿ. ಅದು ತಳಿ ಮತ್ತೆ ಬಿಸಿಲಿನ ಆಟ, ಕೆಲವು ಹೊಸ ತಳಿಗಳು ಹಣ್ಣಾಗೋಕೆ ಬಹಳ ಮುಂಚೇನೇ ಪೂರ್ತಿ ಕೆಂಪಗಾಗಿರ್ತವೆ. ಕೆಂಪಿನ ಹಿಂದಿರೋ ಬಣ್ಣ ನೋಡಿ, ತೊಟ್ಟಿನ ಸುತ್ತ ಇನ್ನೂ ಹಸಿರು ಇದ್ರೆ ಬಿಡಿ, ಹಸಿರೆಲ್ಲಾ ಹೋಗಿ ಬಂಗಾರದ ಹಳದಿ ಬಂದಿದ್ರೆ ಮೂಸಿ ನೋಡಿ. ವಾಸನೆ ಬಂತು ಅಂದ್ರೆ ಅಂಗೈಯಲ್ಲಿ ಹಿಡ್ಕೊಂಡು ಸ್ವಲ್ಪ ಮೇಲೆತ್ತಿ ತಿರುಗಿಸಿ, ಬರೋದಿದ್ರೆ ಬರತ್ತೆ, ಎಳೀಬೇಕು ಅನ್ಸಿದ್ರೆ ಇನ್ನೆರಡು ದಿನ. ಹೆಬ್ಬೆರಳಲ್ಲಿ ಒತ್ತಿ ನೋಡ್ಬೇಡಿ, ಒತ್ತಿದ್ ಜಾಗ ಮಾರನೇ ದಿನ ಕಪ್ಪಾಗತ್ತೆ. ಇನ್ನೊಂದು, ಒಂದೇ ದಿನ ಮರ ಖಾಲಿ ಮಾಡ್ಬೇಡಿ, ಮೇಲಿನ ಕೊಂಬೆದು, ಬಿಸಿಲು ಬೀಳೋ ಕಡೇದು ಮೊದ್ಲು ಹಣ್ಣಾಗತ್ತೆ, ಒಳಗಿನ ನೆರಳಲ್ಲಿರೋದು ಆಮೇಲೆ, ಎರಡು ಮೂರು ಸುತ್ತಲ್ಲಿ ಕೀಳಿ.

ಫ್ರಿಜ್ ವಿಷಯ. ಹಣ್ಣಾಗದ ಪೀಚನ್ನ ಸುಮಾರು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಕೆಲವು ದಿನ ಇಟ್ರೆ ತಿರುಳು ಹಿಟ್ಟಾಗತ್ತೆ, ರಸ ಬಿಡಲ್ಲ, ಕೆಲವೊಮ್ಮೆ ವಾಟೆ ಸುತ್ತ ಕಂದು ಬಣ್ಣಾನೂ ಬರತ್ತೆ. ನಮ್ಮನೆ ಫ್ರಿಜ್ಜುಗಳು ಓಡೋದು ಸರಿಯಾಗಿ ಆ ಟೆಂಪರೇಚರಲ್ಲೇ. ಕೋಲ್ಡ್ ಸ್ಟೋರೇಜಲ್ಲಿ ಸೊನ್ನೆ ಡಿಗ್ರಿ ಹತ್ರ ಇಡೋದು ಇದಕ್ಕೇ, ಅದು ಮನೇಲಿ ಆಗಲ್ಲ. ಹಾಗಾಗಿ ಹೊರಗಿಟ್ಟು ಹಣ್ಣಾದ ಮೇಲಷ್ಟೇ ಒಳಗಿಡಿ, ಎರಡು ಮೂರು ದಿನದಲ್ಲಿ ಮುಗಿಸಿ, ತಿನ್ನೋಕೆ ಒಂದು ಗಂಟೆ ಮುಂಚೆ ಹೊರಗೆ ತೆಗೀರಿ, ತಣ್ಣಗಿದ್ರೆ ಘಮ ಗೊತ್ತಾಗಲ್ಲ.

ಅಳಿಲಿಗೆ ನನ್ ಹತ್ರಾನೂ ಔಷಧಿ ಇಲ್ಲ. ಹಣ್ಣಿಗೆ ಆರ್ಗಾಂಜಾ ಬಟ್ಟೆ ಚೀಲ ಕಟ್ಟಿದ್ರೆ ಹಕ್ಕಿ, ಹುಳಕ್ಕೆ ನಡೆಯತ್ತೆ, ಅಳಿಲು ಅದನ್ನೂ ಹರಿಯತ್ತೆ. ಸ್ವಲ್ಪ ಗಟ್ಟಿ ಇರೋವಾಗ್ಲೇ, ಹಸಿರು ಹೋದ ಕೂಡ್ಲೇ, ಕಿತ್ತು ಒಳಗೆ ಒಂದೇ ಪದರದಲ್ಲಿ ತೊಟ್ಟು ಕೆಳಗೆ ಮಾಡಿ ಹರವಿ, ಇದೊಂದೇ ರಾಜಿ.

ಧಾರವಾಡದಂವ

ನಾವು ಅಟ್ಲಾಂಟಾದಾಗ ಇರ್ತೀವ್ರಿ, ಇಲ್ಲಿ ಪೀಚ್ ಅಂದ್ರ ಊರ ಹಬ್ಬ ಇದ್ದಂಗ. ರಸ್ತೆ ಹೆಸರಿಗೂ ಪೀಚ್, ಗಾಡಿ ನಂಬರ್ ಪ್ಲೇಟಿಗೂ ಪೀಚ್, ದಕ್ಷಿಣಕ್ಕ ಹೋದ್ರ ಫೋರ್ಟ್ ವ್ಯಾಲಿ ಇರೋ ಜಿಲ್ಲಾದ ಹೆಸರ ಪೀಚ್ ಕೌಂಟಿ. ಹಂಗಂತ ಬೆಳಿಯೂದ್ರಾಗ ಕ್ಯಾಲಿಫೋರ್ನಿಯಾ ಎಲ್ಲಾರಕಿಂತ ಮುಂದ, ಆಮ್ಯಾಲೆ ಸೌತ್ ಕೆರೊಲಿನಾ, ನಮ್ಮ ಜಾರ್ಜಿಯಾ ಅವ್ರ ಹಿಂದ, ಇದನ್ನ ಇಲ್ಲಿಯವ್ರ ಮುಂದ ಮಾತ್ರ ಹೇಳಬ್ಯಾಡ್ರಿ. ಇಲ್ಲೇ ಮಾರ್ಷಲ್‌ವಿಲ್ ಅನ್ನೂ ಊರಾಗ ಸ್ಯಾಮ್ಯುಯೆಲ್ ರಂಫ್ ಅನ್ನಾಂವ 1870ರ ದಶಕದಾಗ ಒಂದ ತಳಿ ತಗದು ಅದಕ್ಕ ಹೆಂಡ್ತಿ ಹೆಸರ ಎಲ್ಬರ್ಟಾ ಅಂತ ಇಟ್ಟ, ಹಳದಿ ತಿರುಳು, ವಾಟಿ ಬಿಡ್ತೈತಿ, ದೂರದ ಊರಿಗೆ ರೈಲಿನ್ಯಾಗ ಕಳಿಸಿದ್ರೂ ತಡೀತಿತ್ತು, ಅದರಿಂದನ ಇಲ್ಲಿ ಪೀಚಿನ ಧಂದೆ ಬೆಳೀತು. ನಿಮ್ಮ ಮರಾನೂ ಹಳೇದು ಅಂತೀರಿ, ಯಾರಿಗ್ಗೊತ್ತು, ಅದ ಇರಬಹುದು.

ಒಂದ ಮಾತ ಹೇಳ್ತೀನಿ, ಮರ ಕಾಯಿ ಬಿಟ್ಟ ವರ್ಷ ಹೊಟ್ಟಿತುಂಬ ತಿನ್ರಿ, ಮುಂದಿನ ವರ್ಷದ ಗ್ಯಾರಂಟಿ ಇಲ್ಲ. 2023ರಾಗ ಇಲ್ಲಿ ಚಳಿಗಾಲದಾಗ ಚಳೀನ ಸರಿ ಬೀಳಲಿಲ್ಲ, ಗಿಡ ಲಗೂನ ಹೂ ಬಿಟ್ವು, ಮಾರ್ಚಿನ್ಯಾಗ ಹಿಮ ಬಿದ್ದು ಎಲ್ಲಾ ಸುಟ್ಟು ಹೋತು, ರಾಜ್ಯದ ಬೆಳಿ ಶೇ 90ಕ್ಕಿಂತ ಹೆಚ್ಚ ಹೋತ್ರಿ. ರಸ್ತೆ ಬದಿ ಅಂಗಡಿಯವ್ರು ಬ್ಯಾರೆ ರಾಜ್ಯದ ಹಣ್ಣ ತಂದು ಮಾರಿದ್ರು.

ಅಡಗಿ ಗಿಡಗಿ ಏನೂ ಬ್ಯಾಡ. ಸಿಂಕಿನ ಮುಂದ ನಿಂತು ಬಗ್ಗಿ ತಿನ್ನೂದು, ಮಿಕ್ಕಿದ್ದ ಆಫೀಸಿಗೆ ಒಯ್ದು ಹಂಚೂದು. ಇಂಥಾ ಹಣ್ಣ ಬೇಯಿಸೂದು ಅಂದ್ರ ನನಗ ಸಿಟ್ಟ ಬರ್ತೈತಿ.

ಕರಾವಳಿ ಅಡುಗೆಮನೆ

ಧಾರವಾಡದವರ ಸಿಟ್ಟು ಅವರಿಗೇ ಇರ್ಲಿ, ಹತ್ತು ಕೆಜಿ ಹಣ್ಣು ಎದುರಿಗೆ ಬಂದಾಗ ಮಾತು ಬೇರೆ ಆಗ್ತದೆ! ನಮ್ಮಲ್ಲಿ ಕಾಟು ಮಾವಿನಹಣ್ಣಿಗೆ ಏನೆಲ್ಲ ಮಾಡ್ತೇವೋ ಅದರಲ್ಲಿ ಅರ್ಧ ಪೀಚಿಗೂ ಸರಿ ಹೋಗ್ತದೆ.

ಮೊದಲು ಸಾಸಿವೆ. ಇದಕ್ಕೆ ಬೇಯಿಸುವ ಕೆಲಸವೇ ಇಲ್ಲ. ತೆಂಗಿನತುರಿ, ಒಂದು ಚಮಚ ಸಾಸಿವೆ, ಎರಡು ಒಣಮೆಣಸು ನುಣ್ಣಗೆ ಕಡೆದು, ಹಣ್ಣಿನ ಹೋಳಿಗೆ ಹಾಕಿ, ಉಪ್ಪು, ಸ್ವಲ್ಪ ಬೆಲ್ಲ. ಪೀಚು ಮಾವಿನಷ್ಟು ಹುಳಿ ಇಲ್ಲದ್ದರಿಂದ ಬೆಲ್ಲ ಕಮ್ಮಿ ಸಾಕು, ಬೇಕಾದರೆ ಚೂರು ನಿಂಬೆರಸ. ಅಳಿಲು ಬೀಳಿಸಿದ ಅರೆಗಾಯಿ ಉಂಟಲ್ಲ, ಅದರಲ್ಲಿ ಕಚ್ಚಿದ್ದು ಬಿಡಿ, ಇಡೀ ಇರುವುದನ್ನು ಮೆಣಸ್ಕಾಯಿ ಮಾಡಿ, ಅನಾನಸಿಗೆ ಮಾಡಿದ ಹಾಗೆಯೇ, ಉದ್ದಿನಬೇಳೆ, ಮೆಂತೆ, ಒಣಮೆಣಸು, ಎಳ್ಳು ಹುರಿದು ತೆಂಗಿನಕಾಯಿ ಜೊತೆ ಕಡೆದು ಹಾಕುವುದು, ಹುಣಸೆಹುಳಿ ಬೆಲ್ಲ. ಗಟ್ಟಿ ಹೋಳಾದ್ದರಿಂದ ಕರಗುವುದಿಲ್ಲ, ಪೂರ್ತಿ ಹಣ್ಣಾದ್ದಕ್ಕೆ ಮಾತ್ರ ಇದು ಬೇಡ.

ಇನ್ನು ಮಾಂಬಳ. ನಮ್ಮೂರಲ್ಲಿ ಮೇ ತಿಂಗಳಲ್ಲಿ ಚಾಪೆ ಮೇಲೆ ಮಾವಿನ ರಸ ಎರೆದು ಒಣಗಿಸುವಾಗ ದಿನಾ ಆಕಾಶ ನೋಡಿಕೊಂಡೇ ಇರಬೇಕು, ಮಳೆ ಹನಿ ಬಿದ್ದರೆ ಕತೆ ಮುಗೀತು. ನಿಮ್ಮಲ್ಲಿ ಜುಲೈ ಆಗಸ್ಟಲ್ಲಿ ಮಳೆಯೇ ಇಲ್ಲ, ಗಾಳಿಯೂ ಒಣ, ಅಸೂಯೆ ಆಗ್ತದೆ. ಸಿಪ್ಪೆ ತೆಗೆದ ಹಣ್ಣು ರುಬ್ಬಿ ಸ್ವಲ್ಪ ನಿಂಬೆರಸ ಹಾಕಿ ಒಂದು ಕುದಿ ಬರಿಸಿ, ಬೇಕಿಂಗ್ ಪೇಪರ್ ಮೇಲೆ ತೆಳುವಾಗಿ ಹರಡಿ, ಮೇಲಿಂದ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ, ರಾತ್ರಿ ಒಳಗೆ ತನ್ನಿ, ಕೈಗೆ ಅಂಟದ ಹಾಗೆ ಒಣಗಿದ ಮೇಲೆ ಸುರುಳಿ ಸುತ್ತಿ ಇಟ್ಟುಕೊಳ್ಳಿ.

ಸಿಪ್ಪೆಗೆ ಚಾಕು ಹಿಡಿಯಬೇಡಿ. ಕುದಿವ ನೀರಲ್ಲಿ ಅರ್ಧ ನಿಮಿಷ, ಕೂಡಲೇ ಐಸ್ ನೀರಿಗೆ, ಆಮೇಲೆ ಬೆರಳಲ್ಲೇ ಜಾರಿ ಬರ್ತದೆ. ಎರಡು ಎಚ್ಚರಿಕೆ ಹೇಳಿ ಬಿಡ್ತೇನೆ. ನಿಮ್ಮದು ಹಳದಿ ತಿರುಳು, ಆದ್ರೆ ಯಾರಾದ್ರೂ ಬಿಳಿ ತಿರುಳಿನ ಪೀಚು ಕೊಟ್ಟರೆ ಅದನ್ನು ಬಾಟಲಿಯಲ್ಲಿ ಸೀಲ್ ಮಾಡಿ ಕಪಾಟಲ್ಲಿಡಬೇಡಿ, ಅದರಲ್ಲಿ ಹುಳಿ ಕಮ್ಮಿ, ಬೊಟುಲಿಸಮ್ ವಿಷ ಹುಟ್ಟುವ ಅಪಾಯ ಉಂಟು, ಫ್ರೀಜರಲ್ಲಿಡುವುದೇ ವಾಸಿ. ಮತ್ತೆ ಗೊರಟು ಒಡೆದರೆ ಒಳಗೆ ಬಾದಾಮಿಯ ಹಾಗೆ ಕಾಣುವ ಬೀಜ ಸಿಗ್ತದೆ, ಮಕ್ಕಳು ಜಗಿಯದಂತೆ ನೋಡಿಕೊಳ್ಳಿ, ಹೊಟ್ಟೆಗೆ ಹೋದರೆ ಸಯನೈಡ್ ಬಿಡುವಂಥದ್ದು.

ಹಿತ್ತಲಗಿಡ

ಅಬ್ಬಾ, ಇಷ್ಟೊಂದು ಬರತ್ತೆ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ಪಿಷ್ಟದ ವಿಷಯ ಅತ್ತೆಗೆ ಓದಿ ಹೇಳ್ದೆ, "ಅದಕ್ಕೇ ಅನ್ನು, ಡಬ್ಬದಲ್ಲಿಟ್ಟಿದ್ದು ಮೆತ್ತಗಾಯ್ತು, ಸಪ್ಪೆ ಹೋಗ್ಲಿಲ್ಲ" ಅಂದ್ರು. ಸಾಸಿವೆ ಇವತ್ತೇ ಆಯ್ತು, ಅನ್ನಕ್ಕೆ ಕಲಸ್ಕೊಂಡು ಎರಡು ಸಲ ಹಾಕಿಸ್ಕೊಂಡ್ವಿ. @ಮಣ್ಣುಹುಳ ಅವ್ರೇ, ಹಣ್ಣು ರುಚಿ ಇದೆ ಆದ್ರೆ ಬಹಳ ಚಿಕ್ಕದು, ನಿಂಬೆಹಣ್ಣಿಗಿಂತ ಚೂರು ದೊಡ್ಡದು ಅಷ್ಟೇ, ಮತ್ತೆ ವಸಂತದಲ್ಲಿ ಎಲೆ ಎಲ್ಲಾ ಮುದುರಿ ಕೆಂಪು ಬೊಬ್ಬೆ ಬಂದಂಗಿತ್ತು. ಗೊಬ್ಬರ ಹಾಕ್ಬೇಕಾ?

ಮಣ್ಣುಹುಳ

ಗೊಬ್ಬರ ಅಲ್ಲ, ಕಾಯಿ ತೆಗೀಬೇಕು. ಏಪ್ರಿಲಲ್ಲಿ ಕಾಯಿ ಗೋಲಿ ಗಾತ್ರ ಇದ್ದಾಗ ಒಂದು ಕಾಯಿಗೂ ಇನ್ನೊಂದಕ್ಕೂ ಒಂದು ಗೇಣಾದ್ರೂ ಜಾಗ ಬಿಟ್ಟು ಉಳಿದಿದ್ದೆಲ್ಲಾ ಕಿತ್ತು ಬಿಸಾಕ್ಬೇಕು. ಹೊಟ್ಟೆ ಉರಿಯತ್ತೆ, ಗೊತ್ತು, ನಮ್ಮೋರಿಗೆ ಕಾಯಿ ಕಿತ್ತು ಬಿಸಾಕೋಕೆ ಮನಸ್ಸೇ ಬರಲ್ಲ, ಆದ್ರೆ ಇರೋ ಸಕ್ಕರೆ ಎಲ್ಲಾ ಕಾಯಿಗೂ ಹಂಚಿಹೋದ್ರೆ ಯಾವ್ದೂ ದೊಡ್ಡದಾಗಲ್ಲ, ಕೊಂಬೇನೂ ಭಾರಕ್ಕೆ ಸೀಳತ್ತೆ. ಜೊತೆಗೆ ಪೀಚು ಕಾಯಿ ಬಿಡೋದು ಹಿಂದಿನ ವರ್ಷ ಚಿಗುರಿದ ಕಡ್ಡಿ ಮೇಲೆ ಮಾತ್ರ, ಹಾಗಾಗಿ ಪ್ರತಿ ಚಳಿಗಾಲ ಧೈರ್ಯವಾಗಿ ಸವರಿ, ಹೋದ ವರ್ಷದ ಚಿಗುರಲ್ಲಿ ಹತ್ತಿರತ್ರ ಅರ್ಧ ತೆಗೆದ್ರೂ ತಪ್ಪಿಲ್ಲ, ನಡುವೆ ಬಿಸಿಲು ಬೀಳೋ ಹಂಗೆ ಬಟ್ಟಲಿನ ಆಕಾರ ಬರ್ಬೇಕು. ಸವರದೆ ಬಿಟ್ಟ ಮರದಲ್ಲಿ ಹಣ್ಣು ಮೇಲೆ ಮೇಲೆ ಹೋಗ್ತಾ ಇರತ್ತೆ, ನೀವು ಏಣಿ ಹತ್ತಬೇಕು.

ಎಲೆ ಮುದುರೋದು ಲೀಫ್ ಕರ್ಲ್ ಅನ್ನೋ ಶಿಲೀಂಧ್ರ ರೋಗ. ಎಲೆ ಮೇಲೆ ಕಂಡ ಮೇಲೆ ಏನು ಹೊಡೆದ್ರೂ ದುಡ್ಡು ದಂಡ. ಎಲೆ ಪೂರ್ತಿ ಉದುರಿದ ಮೇಲೆ ಒಂದ್ಸಲ ತಾಮ್ರದ ಔಷಧಿ, ಮಳೆ ಜಾಸ್ತಿ ಆದ್ರೆ ಮೊಗ್ಗು ಉಬ್ಬೋಕೆ ಮುಂಚೆ ಇನ್ನೊಂದ್ಸಲ. ಮರದಲ್ಲೇ ಒಣಗಿ ನೇತಾಡ್ತಿರೋ ಹಣ್ಣಿದ್ರೆ ಅದನ್ನೂ ತೆಗೆದು ಕಸಕ್ಕೆ ಹಾಕಿ, ಕೊಳೆರೋಗ ಅಲ್ಲೇ ಕೂತಿರತ್ತೆ.

ಬಸವನಗುಡಿ ಬಾಲ್ಕನಿ

ಓದ್ತಾ ಓದ್ತಾ ಬಾಯಲ್ಲಿ ನೀರು. ನಮಗಿಲ್ಲಿ ಜೂನ್‌ನಲ್ಲಿ ಹಿಮಾಚಲದ ಪೀಚು ಬರತ್ತೆ, ಕಲ್ಲಿನ ಥರ ಗಟ್ಟಿ, ರೇಟು ಕೇಳಿದ್ರೆ ಮಾವಿನಹಣ್ಣೇ ಸಾಕು ಅನ್ಸತ್ತೆ. ಆನ್‌ಲೈನಲ್ಲಿ "ಬೆಂಗಳೂರಿಗೆ ಸೂಕ್ತವಾದ ಪೀಚ್ ಸಸಿ" ಅಂತ ಮಾರ್ತಿದ್ದಾರೆ, ಟೆರೇಸ್ ಮೇಲೆ ಡ್ರಮ್ಮಲ್ಲಿ ಹಾಕ್ಬಹುದಾ?

ಮಣ್ಣುಹುಳ

ಎಲೆ ನೋಡೋಕಾದ್ರೆ ಹಾಕಿ. ಪೀಚ್ ಮರ ಚಳಿಗಾಲದಲ್ಲಿ ನಿದ್ದೆ ಮಾಡ್ಬೇಕು, ಸುಮಾರು 7 ಡಿಗ್ರಿಗಿಂತ ಕೆಳಗೆ ಇಂತಿಷ್ಟು ಗಂಟೆ ಚಳಿ ತಿಂದ್ರೇನೇ ಸರಿಯಾಗಿ ಹೂ ಬಿಡೋದು. ಎಲ್ಬರ್ಟಾ ಥರದ ಹಳೇ ತಳಿಗೆ 800 ಗಂಟೆ ಹತ್ರ ಬೇಕು, ಪಂಜಾಬ್ ಬಯಲಲ್ಲಿ ಬೆಳೆಯೋ ಫ್ಲೋರ್ಡಾ ಪ್ರಿನ್ಸ್ ಥರದ್ದಕ್ಕೂ 150 ಗಂಟೆ ಆದ್ರೂ ಬೇಕು. ಬೆಂಗಳೂರಲ್ಲಿ ಇಲ್ಲೀತನಕ ದಾಖಲಾದ ಅತಿ ಕಡಿಮೆ ಟೆಂಪರೇಚರೇ 7.8 ಡಿಗ್ರಿ, ಅದೂ 1884ರ ಜನವರಿಲಿ. ಲೆಕ್ಕ ನೀವೇ ಹಾಕಿ. ಪೀಚ್ ಗಿಡ ನೋಡ್ಲೇಬೇಕು ಅಂದ್ರೆ ಊಟಿ, ಕೂನೂರು, ಕೊಡೈಕೆನಾಲ್ ಕಡೆ ಹೋಗಿ.

ಕರಾವಳಿ ಅಡುಗೆಮನೆ

ಬಾಲ್ಕನಿಯವರೇ, ಡ್ರಮ್ಮು ಖಾಲಿ ಬಿಡಬೇಡಿ, ಅಂಜೂರ ಹಾಕಿ ಅಥವಾ ಸೀಬೆ ಕಸಿ ಗಿಡ ಹಾಕಿ, ಎರಡೂ ಬೇಗ ಕಾಯಿ ಬಿಡ್ತವೆ. ಪನ್ನೇರಳೆ ಮಾತ್ರ ಡ್ರಮ್ಮಲ್ಲಿ ಬೇಡ, ಅದು ದೊಡ್ಡ ಮರ ಆಗುವಂಥದ್ದು.

ಬಸವನಗುಡಿ ಬಾಲ್ಕನಿ

ಸೀಬೆ ಆಗ್ಲೇ ಇದೆ, ಮೇಲ್ಮನೆಯವ್ರ ಗಿಳಿಗಳು ಫಸಲು ನೋಡ್ಕೊಳ್ತವೆ. ಅಂಜೂರಕ್ಕೆ ಬಿಸಿಲು ಎಷ್ಟು ಗಂಟೆ ಬೇಕು? ನಮ್ದು ಪೂರ್ವದ ಕಡೆ, ಹನ್ನೊಂದರ ತನಕ ಬೀಳತ್ತೆ.

ಮಣ್ಣುಹುಳ

ಅಂಜೂರಕ್ಕೆ ಆರು ಗಂಟೆ ಆದ್ರೂ ಬೇಕು, ಹನ್ನೊಂದಕ್ಕೆ ನಿಂತೋದ್ರೆ ಕಾಯಿ ಸಣ್ಣದಾಗೇ ಉದುರತ್ತೆ. ಟೆರೇಸಿಗೆ ಸಾಗಿಸೋಕಾಗತ್ತಾ ನೋಡಿ, ಆಗ್ಲಿಲ್ಲ ಅಂದ್ರೆ ಅಂಜೂರದ ಆಸೆ ಬಿಡಿ.