ಅಪ್ಪನ ಹಾರ್ಟ್ ಮಾತ್ರೆಯಿಂದ್ಲೇ ಥೈರಾಯ್ಡ್ ಜಾಸ್ತಿ ಆಗಿದ್ಯಂತೆ, ನಿಲ್ಸಬಹುದಾ?

ಮೂಡಿಗೆರೆಯವ:
ಅಪ್ಪಂಗೆ 64. ಎದೆಬಡಿತ ಏರುಪೇರು ಅಂತ ಎರಡು ವರ್ಷದಿಂದ ಅಮಿಯೋಡರೋನ್ 200 ನಡೀತಿದೆ. ಈ ಸಲ ಪಂಚೆ ಸೊಂಟದಲ್ಲಿ ನಿಲ್ತಿಲ್ಲ, ಲೋಟ ಹಿಡಿದ್ರೆ ಕೈ ನಡುಗಿ ಕಾಫಿ ಚೆಲ್ಲುತ್ತೆ, ಜನವರಿ ಚಳೀಲೂ ಫ್ಯಾನ್ ಹಾಕು ಅಂತಾರೆ, ನಾವು ಕಾಫಿ ಕೊಯ್ಲಿನ ಓಡಾಟಕ್ಕೆ ಸೊರಗಿದಾರೆ ಅಂದ್ಕೊಂಡು ಸುಮ್ನಿದ್ವಿ. ಈಗ ರಕ್ತ ಟೆಸ್ಟ್ ಮಾಡ್ಸಿ ನೋಡಿದ್ರೆ ಟಿಎಸ್‌ಎಚ್ 0.01, ಥೈರಾಯ್ಡ್ ಏರಿದ್ರೆ ಇದು ಇಳಿಯುತ್ತಂತೆ. ಅತ್ತೆ ಅಂತೂ ಆ ಮಾತ್ರೆ ಇವತ್ತೇ ಬಿಸಾಕು ಅಂತ ಕೂತಿದಾರೆ. ಹಾರ್ಟ್ ಡಾಕ್ಟ್ರು ಸಿಗೋದು ಮುಂದಿನ ವಾರ.

ಹಾಸನದ ಮೆಡಿಕಲ್ಸ್:
ನೀವಾಗೇ ನಿಲ್ಸಬೇಡಿ ಮಾರಾಯ್ರೆ. ಆ ಮಾತ್ರೆ ತೂಕದಲ್ಲಿ 37% ಅಯೋಡಿನ್ನೇ. 200ರ ಒಂದು ಮಾತ್ರೆಯಿಂದ ದಿನಕ್ಕೆ 6-7 ಎಂಜಿ ಅಯೋಡಿನ್ ಮೈಗೆ ಬಿಡುತ್ತೆ, ನಮಗೆ ಬೇಕಾಗಿರೋದು 150 ಮೈಕ್ರೋಗ್ರಾಂ ಅಷ್ಟೇ. ಅದೂ ಕೊಬ್ಬಲ್ಲಿ ಹೋಗಿ ಕೂತ್ಬಿಡುತ್ತೆ, ನಿಲ್ಸಿದ್ರೂ ತಿಂಗಳುಗಟ್ಲೆ ಇಳಿಯಲ್ಲ. ಹಾಗಾಗಿ ಇವತ್ತು ಬಿಟ್ರೆ ಥೈರಾಯ್ಡ್ ನಾಳೆ ಸರಿ ಹೋಗಲ್ಲ, ಎದೆಬಡಿತ ಮಾತ್ರ ಕೈ ಕೊಡ್ಬೋದು. ಆದ್ರೆ ವಾರ ಕಾಯೋದೂ ಬೇಡ, ಈಗ್ಲೇ ಫೋನ್ ಮಾಡಿ ರಿಪೋರ್ಟ್ ಹೇಳಿ. ಎದೆ ಜೋರಾಗಿ ಹೊಡ್ಕೊಂಡು ಉಸಿರು ಕಟ್ಟಿದ್ರೆ ನೇರ ಎಮರ್ಜೆನ್ಸಿಗೆ. ರಕ್ತ ಹೆಪ್ಪುಗಟ್ಟದಂಗೆ ಕೊಡೋ ವಾರ್ಫರಿನ್ ತಗೋತಿದ್ರೆ ಅದನ್ನೂ ಹೇಳಿ, ಥೈರಾಯ್ಡ್ ಏರಿದಾಗ ಅದ್ರ ಪವರ್ ಜಾಸ್ತಿಯಾಗಿ ರಕ್ತ ಹೆಪ್ಪುಗಟ್ಟೋದು ನಿಧಾನ ಆಗುತ್ತೆ, ಅಂದ್ರೆ ಐಎನ್‌ಆರ್ ಏರುತ್ತೆ.

ಸಕಲೇಶಪುರ ಅಕ್ಕ:
ನಮ್ಮಮ್ಮಂಗೂ ಇದೇ ಆಗಿದ್ದು ಕಣಪ್ಪ. ಇದ್ರಲ್ಲಿ ಎರಡು ಥರ. ಮೊದ್ಲೇ ಗ್ರಂಥಿ ಊದಿದ್ದೋ ಗಂಟಿದ್ದೋ ಅಯೋಡಿನ್ ಸಿಕ್ಕಿ ಹಾರ್ಮೋನು ಜಾಸ್ತಿ ತಯಾರಾಗೋದು ಒಂದು, ಅದಕ್ಕೆ ಹಾರ್ಮೋನು ತಯಾರಿ ತಡೆಯೋ ಕಾರ್ಬಿಮಜೋಲ್. ಇನ್ನೊಂದು, ಮಾತ್ರೆಯೇ ಗ್ರಂಥಿ ಕೆಡಿಸಿ ಒಳಗಿದ್ದ ಹಾರ್ಮೋನು ಸೋರೋದು, ಅದಕ್ಕೆ ಸ್ಟೀರಾಯ್ಡ್. ಮೊದಲು ತೋರಿಸಿದ ಡಾಕ್ಟ್ರು ಯಾವುದು ಅಂತ ನೋಡದೇ ಕಾರ್ಬಿಮಜೋಲ್ ಬರೆದು ಒಂದೂವರೆ ತಿಂಗಳು ಹಾಳು. ಆಮೇಲೆ ಕುತ್ತಿಗೆ ಡಾಪ್ಲರ್ ಸ್ಕ್ಯಾನ್ ಮಾಡ್ಸಿದ್ರು, ರಕ್ತದ ಓಡಾಟ ಇಲ್ವೇ ಇಲ್ಲ ಅನ್ನೋಹಂಗಿತ್ತು, ಎರಡನೇ ಥರ ಅಂದ್ರು. ಸ್ಟೀರಾಯ್ಡಲ್ಲಿ ಇಳೀತು, ಶುಗರ್ ಮಾತ್ರ ಏರಿ ಅದೊಂದು ಕಥೆ. ನಿಮ್ಮನೇಲಿ ಯಾರಿಗಾದ್ರೂ ಗಳಗಂಡ ಇತ್ತಾ?

ಮೂಡಿಗೆರೆಯವ:
ಅಜ್ಜಿಗಿತ್ತು ಅಕ್ಕ, ಅಪ್ಪನ ಕುತ್ತಿಗೇನೂ ಸ್ವಲ್ಪ ದಪ್ಪಾನೇ, ಹೇಳ್ತೀನಿ. ಫೋನ್ ಮಾಡ್ದೆ, ನಾಳೆ ಬೆಳಿಗ್ಗೆ ಬನ್ನಿ ಅಂದ್ರು, ಅಲ್ಲೀತನಕ ಮಾತ್ರೆ ತಪ್ಪಿಸ್ಬೇಡಿ ಅಂತಾನೂ. ಈಗ ಅತ್ತೆ ಮನೇಲಿರೋ ಅಯೋಡಿನ್ ಉಪ್ಪನ್ನೆಲ್ಲ ದನಕ್ಕೆ ಹಾಕ್ಬಿಡಿ ಅಂತಿದಾರೆ 😀

ಹಾಸನದ ಮೆಡಿಕಲ್ಸ್:
ಅಂಗಡಿ ಉಪ್ಪಲ್ಲಿ ಕೆಜಿಗೆ ಕನಿಷ್ಠ 15 ಎಂಜಿ ಅಯೋಡಿನ್ ಇರ್ಬೇಕು ಅಂತ ರೂಲ್ಸು. ಲೆಕ್ಕ ಹಾಕಿ, ಅಪ್ಪ ದಿನಾ ಅರ್ಧ ಕೆಜಿ ಹತ್ರ ಉಪ್ಪು ತಿಂದಂಗಾಯ್ತು ಆ ಮಾತ್ರೆ. ಅತ್ತೆಗೆ ಹೇಳಿ, ಸಾರಿಗೆ ಉಪ್ಪು ಹಾಕ್ಲಿ.