ಇಸಾನ್‌ನಲ್ಲಿ 18 ರಾತ್ರಿ: ಫುಕೆಟ್, ಪಟ್ಟಾಯ ಬೇಡ ಅಂದವರಿಗೆ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್. ನಾನು ಹೋದ ವರ್ಷ ನಿವೃತ್ತಿಯಾದ ಶಿಕ್ಷಕಿ. ನಾನೂ ನಮ್ಮ ಯಜಮಾನರೂ ನವೆಂಬರ್ ಕೊನೆಯಲ್ಲಿ ಥಾಯ್ಲೆಂಡಿಗೆ ಹೋಗಬೇಕೆಂದಿದ್ದೇವೆ. ಕೈಯಲ್ಲಿ 18 ರಾತ್ರಿ ಇದೆ. ಬೀಚು, ಶಾಪಿಂಗು ಬೇಡ. ಪ್ಯಾಕೇಜ್ ಟೂರ್ ಅಂತೂ ಬೇಡವೇ ಬೇಡ, ಒಂದು ಸಲ ಬೇರೆ ದೇಶಕ್ಕೆ ಹೋಗಿ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದೆವು. ನಾವು ಸಸ್ಯಾಹಾರಿಗಳು. ನನಗೆ ಮಂಡಿ ನೋವು. ಚಿಯಾಂಗ್ ಮಾಯ್, ಪಾಯ್, ಇಸಾನ್, ಆಮೇಲೆ ಕ್ರಾಬಿ ಅಂತ ಒಂದು ಪಟ್ಟಿ ಮಾಡಿದ್ದೇನೆ. ಸರಿ ಇದೆಯಾ? ಖರ್ಚು ಎಷ್ಟಾಗಬಹುದು?

ಉತ್ತರ: ನಮಸ್ಕಾರ ಮೇಡಂ. ನೇರವಾಗಿ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಪಟ್ಟಿಯಲ್ಲಿ ಹೋದರೆ ಮತ್ತೆ ಬಸ್ಸಿನಲ್ಲೇ ಆಯುಷ್ಯ ಹೋಗುತ್ತದೆ. ಒಂದು ಊರು ಉತ್ತರದ ತುದಿಯಲ್ಲಿದೆ, ಇನ್ನೊಂದು ದಕ್ಷಿಣದ ಸಮುದ್ರದ ಪಕ್ಕ. ಇಷ್ಟು ವರ್ಷ ಜನರಿಗೆ ಪ್ರವಾಸ ಹೊಂದಿಸಿಕೊಟ್ಟು ನಾನು ಕಲಿತದ್ದು ಒಂದೇ. ನಿಧಾನ ಬೇಕೆಂದರೆ ರಜೆ ಜಾಸ್ತಿ ಮಾಡಿ ಪ್ರಯೋಜನವಿಲ್ಲ, ಊರು ಕಡಿಮೆ ಮಾಡಬೇಕು. ದುಡ್ಡು ಉಳಿಯುವುದೂ ಅಲ್ಲೇ.

ನಿಮ್ಮ ಪಟ್ಟಿಯಲ್ಲಿ ಇಸಾನ್ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಡೆದುಹಾಕಿ. ಇಸಾನ್ ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ, 20 ಪ್ರಾಂತಗಳು. ಪೂರ್ವಕ್ಕೂ ಉತ್ತರಕ್ಕೂ ಮೆಕಾಂಗ್ ನದಿ, ಅದರಾಚೆ ಲಾವೋಸ್. ಜನ ಆಡುವುದು ಲಾವೋಗೆ ಹತ್ತಿರದ ಮಾತು. ಗದ್ದೆ ಬಯಲು, ಅಂಟಕ್ಕಿ ಅನ್ನ, ಹಳೆಯ ಖಮೇರ್ ಗುಡಿಗಳು (ಕಾಂಬೋಡಿಯಾದ ಅಂಕೋರ್ ಕಟ್ಟಿದವರದ್ದು). ವಿದೇಶಿ ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಹಾಗಾಗಿ ರೂಮು, ಊಟ ಎರಡೂ ಅಗ್ಗ. ನವೆಂಬರ್ ಕೊನೆ ಒಳ್ಳೆ ಕಾಲ. ಮಳೆ ನಿಂತಿರುತ್ತದೆ, ಭತ್ತದ ಕೊಯ್ಲು ನಡೆಯುತ್ತಿರುತ್ತದೆ. ರಾತ್ರಿ ನದಿ ದಂಡೆಯಲ್ಲಿ ಚಳಿ ಇರುತ್ತದೆ, ಒಂದು ಸ್ವೆಟರ್ ಇರಲಿ.

ನಾನಾದರೆ ಹೀಗೆ ಹೋಗುತ್ತೇನೆ. ಇಳಿದ ದಿನ ಬ್ಯಾಂಕಾಕ್‌ನಲ್ಲಿ 1 ರಾತ್ರಿ. ಮಾರನೆ ದಿನ ಹಗಲು ರೈಲಿನಲ್ಲಿ ಖೋರಾತ್, ಅಲ್ಲಿಂದ ಬಸ್ಸಿನಲ್ಲಿ ಫಿಮಾಯ್, 3 ರಾತ್ರಿ. ಆಮೇಲೆ ನಾಂಗ್ ರೋಂಗ್ 2 ರಾತ್ರಿ, ಫನೋಮ್ ರುಂಗ್ ಗುಡಿಗಾಗಿ. ಬುರಿರಾಮ್‌ಗೆ ಬಂದು ರೈಲು ಹಿಡಿದು ಉಬೋನ್ ರಾಚಥಾನಿ, 2 ರಾತ್ರಿ. ಅಲ್ಲಿಂದ ಮೂನ್ ನದಿ ಮೆಕಾಂಗ್‌ಗೆ ಸೇರುವ ಖೋಂಗ್ ಚಿಯಾಮ್, 2 ರಾತ್ರಿ. ನಾಖೋನ್ ಫನೋಮ್ 4 ರಾತ್ರಿ. ನೋಂಗ್ ಖಾಯ್ 3 ರಾತ್ರಿ. ಕೊನೆಯ ರಾತ್ರಿ ಸ್ಲೀಪರ್ ರೈಲಿನಲ್ಲಿ ಮಲಗಿ ಬ್ಯಾಂಕಾಕ್. ಅಲ್ಲಿಗೆ 18.

(ಇಲ್ಲಿ 'ಫ' ಬರೆದದ್ದನ್ನು 'ಫೋನ್' ಥರ ಓದಬೇಡಿ, 'ಫಲ' ಥರ ಓದಿ. ಥಾಯ್ ಜನರಿಗೆ ನಮ್ಮ ಮಹಾಪ್ರಾಣ ಚೆನ್ನಾಗಿ ಕೇಳಿಸುತ್ತದೆ. ನಾಖೋನ್ ಅಂದರೆ ನಗರ. ಉಬೋನ್ ರಾಚಥಾನಿ ಅಂದರೆ ಉತ್ಪಲ ರಾಜಧಾನಿ, ತಾವರೆಯ ಊರು. ಶಿಕ್ಷಕಿಯಾದ ನಿಮಗೆ ಊರ ಬೋರ್ಡು ಓದುವುದರಲ್ಲೇ ಅರ್ಧ ಖುಷಿ ಸಿಗುತ್ತದೆ.)

ಖರ್ಚು: ಇಬ್ಬರಿಗೆ ದಿನಕ್ಕೆ 1500 ಬಾತ್ ಇಟ್ಟುಕೊಳ್ಳಿ. ಶುಚಿಯಾದ ಗೆಸ್ಟ್‌ಹೌಸ್ ರೂಮು 500ರಿಂದ 700, ಊಟ ತಿಂಡಿ 400, ಓಡಾಟ, ಟಿಕೆಟ್, ಹಣ್ಣು, ಕಾಫಿ ಉಳಿದದ್ದರಲ್ಲಿ. 18 ದಿನಕ್ಕೆ 27,000 ಬಾತ್. ಬಾತ್‌ಗೆ ಮೂರು ರೂಪಾಯಿ ಅಂತ ಸ್ವಲ್ಪ ಎತ್ತಿಯೇ ಲೆಕ್ಕ ಹಾಕಿದರೆ 81,000 ರೂಪಾಯಿ, ವಿಮಾನ ಬಿಟ್ಟು. ಎಟಿಎಂನಿಂದ ಪದೇ ಪದೇ ತೆಗೆಯಬೇಡಿ. ವಿದೇಶಿ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗಿಂತ ಜಾಸ್ತಿ ಹಿಡಿದುಕೊಳ್ಳುತ್ತಾರೆ. 1000 ತೆಗೆದರೂ ಅಷ್ಟೇ, 15,000 ತೆಗೆದರೂ ಅಷ್ಟೇ.

ಪ್ರಶ್ನೆ (ಅವರೇ): ತುಂಬಾ ಥ್ಯಾಂಕ್ಸ್ ಸರ್. ಫಿಮಾಯ್‌ನಂಥ ಸಣ್ಣ ಊರಿನಲ್ಲಿ ಮೂರು ರಾತ್ರಿ ಏನು ಮಾಡೋದು ಅಂತ ನಮ್ಮವರು ಕೇಳ್ತಿದ್ದಾರೆ. ಮತ್ತೆ ನನ್ನ ಮಂಡಿ?

ಉತ್ತರ: ಯಜಮಾನರಿಗೆ ಹೇಳಿ, ಮೊದಲ ದಿನ ಏನೂ ಮಾಡಬಾರದು. ಫಿಮಾಯ್‌ನ ಖಮೇರ್ ಗುಡಿ ಊರ ನಡುವೆಯೇ ಇದೆ, ರೂಮಿನಿಂದ ನಡೆದೇ ಹೋಗಬಹುದು. ಬೆಳಿಗ್ಗೆ ಒಮ್ಮೆ, ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಮ್ಮೆ ನೋಡಿ. ಅದು ಮಹಾಯಾನ ಬೌದ್ಧ ಗುಡಿ, ಆದರೆ ಬಾಗಿಲ ಮೇಲಿನ ಕಲ್ಲುಗಳಲ್ಲಿ ರಾಮಾಯಣ ಇದೆ. ವಾನರರನ್ನು ಹುಡುಕುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಹತ್ತಿರದಲ್ಲೇ ಮ್ಯೂಸಿಯಂ ಇದೆ. ಊರಾಚೆ ನೀರಿನ ಪಕ್ಕ ಸಾಯ್ ನಗಾಮ್ ಅಂತ ಒಂದು ದೊಡ್ಡ ಆಲದ ಮರ. ನಮ್ಮ ರಾಮೋಹಳ್ಳಿಯ ದೊಡ್ಡಾಲದ ಮರ ನೋಡಿದವರಿಗೆ ಅದು ನೆಂಟರ ಮನೆ ಇದ್ದ ಹಾಗೆ. ನೆರಳಿನಲ್ಲಿ ಊಟದ ಅಂಗಡಿಗಳಿವೆ.

ಫನೋಮ್ ರುಂಗ್ ಬೇರೆಯೇ ಲೆಕ್ಕ. ಅದು ಶಿವನ ಗುಡಿ. ಆರಿಹೋದ ಜ್ವಾಲಾಮುಖಿ ಬೆಟ್ಟದ ಮೇಲಿದೆ. ಮುಖ್ಯ ಗೋಪುರ 12ನೇ ಶತಮಾನದ್ದು, ಅಂದರೆ ಇಲ್ಲಿ ಹಳೇಬೀಡಿನಲ್ಲಿ ಹೊಯ್ಸಳೇಶ್ವರ ಕಟ್ಟುತ್ತಿದ್ದ ಕಾಲ. ಒಳಗೆ ಲಿಂಗ, ಮುಂದೆ ನಂದಿ. ಪೂರ್ವದ ಬಾಗಿಲ ಮೇಲೆ ನಾಟ್ಯದ ಶಿವ, ಅದರ ಕೆಳಗೆ ಮಲಗಿದ ವಿಷ್ಣು. ಆ ವಿಷ್ಣುವಿನ ಕಲ್ಲು 1960ರ ದಶಕದಲ್ಲಿ ಕಳುವಾಗಿ ಅಮೆರಿಕದ ಶಿಕಾಗೋ ಮ್ಯೂಸಿಯಂ ಸೇರಿತ್ತು. ಥಾಯ್ ಜನ ಬೀದಿಗಿಳಿದು ಗಲಾಟೆ ಮಾಡಿದ ಮೇಲೆ 1988ರಲ್ಲಿ ವಾಪಸ್ ಬಂತು. ಈಗ ಮೊದಲಿದ್ದ ಜಾಗದಲ್ಲೇ ಇದೆ. ಸೂರ್ಯನ ಬೆಳಕು 15 ಬಾಗಿಲುಗಳನ್ನು ಒಂದೇ ಸಾಲಿನಲ್ಲಿ ದಾಟಿ ಬರುವ ಫೋಟೋ ನೀವು ನೋಡಿರಬಹುದು. ಅದು ವರ್ಷದಲ್ಲಿ ಕೆಲವೇ ದಿನ, ಡಿಸೆಂಬರ್‌ನಲ್ಲಿ ಕಾಣುವುದಿಲ್ಲ.

ಮಂಡಿ ವಿಷಯ. ಫನೋಮ್ ರುಂಗ್ ಗುಡಿಯ ಎದುರಿನ ದಾರಿಯಲ್ಲಿ ಉದ್ದದ ಕಲ್ಲು ಹಾದಿ, ಆಮೇಲೆ ಮೆಟ್ಟಿಲ ಸಾಲು. ಅದನ್ನು ಹತ್ತಬೇಡಿ. ಗುಡಿಗೆ ಹತ್ತಿರದ ಮೇಲಿನ ಗೇಟಿನವರೆಗೂ ಕಾರು ಹೋಗುತ್ತದೆ, ಡ್ರೈವರ್‌ಗೆ ಮೊದಲೇ ಹೇಳಿ. ಇಲ್ಲಿಗೆ ನೇರ ಬಸ್ಸಿಲ್ಲ. ಗೆಸ್ಟ್‌ಹೌಸಿನವರನ್ನೇ ಕೇಳಿ ಅರ್ಧ ದಿನಕ್ಕೆ ಕಾರು ಮಾಡಿಕೊಳ್ಳಿ, ಬೆಟ್ಟದ ಕೆಳಗಿನ ಮುವಾಂಗ್ ತಾಮ್ ಗುಡಿಯೂ ಆಗುತ್ತದೆ. ಇಡೀ ಪ್ರವಾಸದಲ್ಲಿ ನಾನು ಧಾರಾಳವಾಗಿ ಖರ್ಚು ಮಾಡಿ ಅನ್ನುವುದು ಇದೊಂದಕ್ಕೇ. ಖೋಂಗ್ ಚಿಯಾಮ್ ಹತ್ತಿರದ ಫಾ ತೇಮ್ ಬಂಡೆಚಿತ್ರಗಳಿಗೆ ಇಳಿದು ಹತ್ತುವ ಕಾಲುದಾರಿ ಇದೆ. ಅಲ್ಲಿಗೆ ಯಜಮಾನರು ಹೋಗಿಬರಲಿ, ನೀವು ಮೇಲೆ ಕೂತು ಮೆಕಾಂಗ್ ನೋಡಿ. ಆ ನೋಟ ಮೇಲಿನಿಂದಲೇ ಚೆಂದ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರಿತ್ತಲ್ವಾ? ಬುರಿರಾಮ್ ಕಡೆ ಹಿರಿಯರನ್ನ ಕಳಿಸೋದು ಸರಿನಾ?

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. 2025ರ ಜುಲೈಯಲ್ಲಿ, ಮತ್ತೆ ಡಿಸೆಂಬರ್‌ನಲ್ಲಿ ಗಡಿಯುದ್ದಕ್ಕೂ ಹೊಡೆದಾಟ ಆಯಿತು. ಬುರಿರಾಮ್, ಸುರಿನ್, ಸಿಸಾಕೇತ್, ಉಬೋನ್, ಈ ನಾಲ್ಕೂ ಪ್ರಾಂತಗಳ ದಕ್ಷಿಣದ ಅಂಚು ಕಾಂಬೋಡಿಯಾಗೆ ತಾಗುತ್ತದೆ. ಆ ಅಂಚಿನಲ್ಲಿರುವ ತಾ ಮುವೆನ್ ಗುಡಿಗಳು, ಪ್ರೇಹ ವಿಹಾರ್ ಕಡೆಗೆ ನಾನು ಯಾರನ್ನೂ ಕಳಿಸುವುದಿಲ್ಲ. ಖೋಂಗ್ ಚಿಯಾಮ್, ನಾಖೋನ್ ಫನೋಮ್, ನೋಂಗ್ ಖಾಯ್ ಇರುವುದು ಲಾವೋಸ್ ಗಡಿಯಲ್ಲಿ, ಅದು ಬೇರೆ ಮಾತು.

ಹೊರಡುವ ಮುಂಚಿನ ವಾರ ನಮ್ಮ ರಾಯಭಾರ ಕಚೇರಿಯ ಸೂಚನೆ ನೋಡಿ. ಇನ್ಶೂರೆನ್ಸ್ ಕಾಗದದಲ್ಲಿ ಯುದ್ಧದ ಬಗ್ಗೆ ಏನು ಬರೆದಿದೆ ಅಂತಲೂ ಓದಿ, ಸಾಮಾನ್ಯವಾಗಿ ಅದಕ್ಕೆ ಪರಿಹಾರ ಕೊಡುವುದಿಲ್ಲ. ಪರಿಸ್ಥಿತಿ ಬಿಗಿಯಾಗಿದ್ದರೆ ಫಿಮಾಯ್ ಆದಮೇಲೆ ದಕ್ಷಿಣಕ್ಕೆ ತಿರುಗಲೇಬೇಡಿ. ಖೋರಾತ್ ದಾಟಿದ ಮೇಲೆ ರೈಲು ದಾರಿ ಕವಲಾಗುತ್ತದೆ. ಒಂದು ಉಬೋನ್‌ಗೆ, ಇನ್ನೊಂದು ಖೋನ್ ಕೇನ್, ಉದೋನ್ ಥಾನಿ ಮೇಲೆ ನೋಂಗ್ ಖಾಯ್‌ಗೆ. ಎರಡನೆಯದನ್ನು ಹಿಡಿಯಿರಿ. ಉದೋನ್ ಹತ್ತಿರ ಬಾನ್ ಚಿಯಾಂಗ್ ಇದೆ, ಇತಿಹಾಸಕ್ಕೂ ಹಿಂದಿನ ಕಾಲದ ಊರು, ಕೆಂಪು ಸುರುಳಿ ಬರೆದ ಮಡಕೆಗಳು. 1992ರಿಂದ ವಿಶ್ವ ಪರಂಪರೆಯ ತಾಣ. ಇದೇ ಕಾರಣಕ್ಕೆ ರೂಮುಗಳನ್ನು ಆಮೇಲೆ ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿ ಅನ್ನುವುದು.

ಪ್ರಶ್ನೆ (ಉಡುಪಿಯಿಂದ): ಇಸಾನಿನಲ್ಲಿ ಎಲ್ಲದಕ್ಕೂ ಮೀನು ಹಾಕ್ತಾರಂತೆ. ಸಸ್ಯಾಹಾರಿಗಳು ಉಪವಾಸವೇ ಗತಿಯಾ?

ಉತ್ತರ: ಹಾಕುತ್ತಾರೆ. ಮಾಮೂಲಿ ಮೀನಿನ ಸಾಸ್ ನಾಮ್ ಪ್ಲಾ ಅಲ್ಲದೆ ಇಲ್ಲಿ ಪ್ಲಾ ರಾ ಅಂತ ಹುಳಿಸಿದ ಮೀನು ಬೇರೆ ಇದೆ. ಪಪ್ಪಾಯಿ ಸಲಾಡ್ ಸೋಮ್ ತಾಮ್ ನೋಡಲು ಬರೀ ತರಕಾರಿ, ಅದರಲ್ಲೂ ಇರುತ್ತದೆ. "ವೆಜಿಟೇರಿಯನ್" ಅಂದರೆ ತಲೆಯಾಡಿಸಿ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ. ಅವರ ಮನಸ್ಸಿನಲ್ಲಿ ಮೋಸ ಇಲ್ಲ, ಅದು ಅವರಿಗೆ ನಮ್ಮ ಉಪ್ಪಿನ ಹಾಗೆ.

ನೀವು ಹೇಳಬೇಕಾದ ಮಾತು "ಕಿನ್ ಜೇ". ಜೇ ಅಂದರೆ ಚೀನೀ ಬೌದ್ಧರ ಸಸ್ಯಾಹಾರ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಮಡಿ ಅಡುಗೆಯವರೂ ಒಪ್ಪುವಂಥದ್ದು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷಿನ 17ರ ಹಾಗೆ ಕಾಣುವ ಅಕ್ಷರ ಇದ್ದರೆ ಅದು ಜೇ ಅಂಗಡಿ. ದೊಡ್ಡ ಊರುಗಳಲ್ಲಿ ಹುಡುಕಿದರೆ ಸಿಗುತ್ತದೆ, ಆದರೆ ಹೆಚ್ಚಿನವು ಮಧ್ಯಾಹ್ನಕ್ಕೇ ಖಾಲಿ ಮಾಡಿ ಮುಚ್ಚುತ್ತವೆ. ಜೇ ಇಲ್ಲದ ಕಡೆ "ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಪ್ಲಾ ರಾ" ಅನ್ನಿ, ಅವೆರಡೂ ಹಾಕಬೇಡಿ ಅಂತ. ಥಾಯ್ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಇದ್ದರೆ ಇನ್ನೂ ವಾಸಿ, ನಮ್ಮ ಉಚ್ಚಾರಣೆ ಅವರಿಗೆ ತಿಳಿಯುವ ಗ್ಯಾರಂಟಿ ಇಲ್ಲ. ಸೊಪ್ಪಿನ ಪಲ್ಯಕ್ಕೆ ಚಿಪ್ಪಿನ ಸಾಸ್, "ನಾಮ್ ಮನ್ ಹೋಯ್", ಹಾಕುತ್ತಾರೆ. ಅದನ್ನೂ ಚೀಟಿಯಲ್ಲಿ ಸೇರಿಸಿ.

ಸಂತೆಯಲ್ಲಿ ಚಿಂತೆ ಕಡಿಮೆ. ಖಾವ್ ಲಾಮ್, ಬಿದಿರಿನೊಳಗೆ ತೆಂಗಿನ ಹಾಲು, ಕಪ್ಪು ಕಾಳು ಸೇರಿಸಿ ಸುಟ್ಟ ಅಂಟಕ್ಕಿ. ಖನೋಮ್ ಕ್ರೋಕ್ ಅಂತೂ ನಮ್ಮ ಪಡ್ಡಿನ ಕಾವಲಿಯಲ್ಲೇ ಮಾಡಿದಂತಿರುತ್ತದೆ, ಅಕ್ಕಿ ಹಿಟ್ಟು, ತೆಂಗಿನ ಹಾಲು, ಸ್ವಲ್ಪ ಸಿಹಿ. ಬಾಳೆಹಣ್ಣು, ಸೀಬೆ, ಪಪ್ಪಾಯಿಗೆ ಬರವಿಲ್ಲ. ಅಂಟಕ್ಕಿ ಅನ್ನ, ಖಾವ್ ನಿಯಾವ್, ಒಂದು ಪೊಟ್ಟಣ 10 ಬಾತ್ ಆಸುಪಾಸು. ಮನೆಯಿಂದ ಚಟ್ನಿಪುಡಿ ಒಯ್ದಿದ್ದರೆ ಅದೇ ಊಟ.

ಪ್ರಶ್ನೆ (ಬೆಂಗಳೂರಿನಿಂದ): ಅಣ್ಣಾ, ನಾನು ಒಬ್ಬಳೇ ಇದೇ ದಾರಿಯಲ್ಲಿ ಹೋಗಬೇಕು ಅಂದ್ಕೊಂಡಿದೀನಿ. ರಾತ್ರಿ ರೈಲು ಸೇಫಾ? ಸ್ಕೂಟರ್ ಬಾಡಿಗೆಗೆ ತಗೊಳ್ಳಲಾ?

ಉತ್ತರ: ರೈಲು ಧೈರ್ಯವಾಗಿ ಹಿಡಿಯಮ್ಮ. ಕೆಲವು ರಾತ್ರಿ ರೈಲುಗಳಲ್ಲಿ ಹೆಂಗಸರಿಗೂ ಮಕ್ಕಳಿಗೂ ಅಂತಲೇ ಒಂದು ಸ್ಲೀಪರ್ ಬೋಗಿ ಇದೆ, ಬುಕ್ ಮಾಡುವಾಗ ನೋಡು. ಕೆಳಗಿನ ಬರ್ತ್ ಅಗಲ, ಬೆಲೆಯೂ ಸ್ವಲ್ಪ ಜಾಸ್ತಿ. ಒಂದು ಎಚ್ಚರ: 2023ರ ಜನವರಿಯಿಂದ ದೂರದ ವೇಗದ ರೈಲುಗಳು ಹೊರಡುವುದು ಬ್ಯಾಂಕಾಕ್‌ನ ಕ್ರುಂಗ್ ಥೇಪ್ ಅಫಿವತ್ ಅನ್ನುವ ಹೊಸ ನಿಲ್ದಾಣದಿಂದ. ಹಳೆ ಬ್ಲಾಗ್ ಓದಿಕೊಂಡು ಹಳೆ ನಿಲ್ದಾಣ ಹುವಾ ಲಂಪೋಂಗ್‌ಗೆ ಹೋಗಿ ನಿಂತವರನ್ನು ನಾನು ಕಂಡಿದ್ದೇನೆ.

ರೈಲಿಗಿಂತ ತಾಪತ್ರಯ ಸಣ್ಣ ಊರಿನ ಬಸ್‌ಸ್ಟ್ಯಾಂಡಿಗೆ ಕತ್ತಲಾದ ಮೇಲೆ ಇಳಿಯುವುದು. ಊರೊಳಗೆ ಓಡಾಡಲು ಇರುವುದು ಸೋಂಗ್ ಥೇವ್, ಹಿಂದೆ ಎರಡು ಬೆಂಚು ಹಾಕಿದ ಪಿಕಪ್. ಸಂಜೆ ಆಗುತ್ತಲೇ ಅವು ಮನೆಗೆ ಹೋಗುತ್ತವೆ. ಶುರುವಿನ ದಿನಗಳಲ್ಲಿ ನಾನೇ ಏಳು ದಿನಕ್ಕೆ ಐದು ಊರು ತುಂಬಿ ಒಂದು ಗುಂಪು ಕರೆದುಕೊಂಡು ಹೋಗಿದ್ದೆ. ಒಂದು ಬಸ್ಸು ತಡವಾಯಿತು, ಮುಂದಿನದು ತಪ್ಪಿತು. ರಾತ್ರಿ ಒಂಬತ್ತಕ್ಕೆ ಖಾಲಿ ಸ್ಟ್ಯಾಂಡಿನಲ್ಲಿ ಎಂಟು ಜನ, ಒಂದು ನಾಯಿ. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ತನ್ನ ಮೈದುನನ ಪಿಕಪ್ ತರಿಸಿದರು, ಬಚಾವಾದೆವು. ಅವತ್ತಿನಿಂದ ಮಧ್ಯಾಹ್ನ ಮೂರರೊಳಗೆ ಊರು ಸೇರದ ಬಸ್ಸನ್ನು ನಾನು ಯಾರಿಗೂ ಬರೆದುಕೊಡುವುದಿಲ್ಲ.

ಸ್ಕೂಟರ್: ಇಲ್ಲಿನ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಅದರಲ್ಲಿ ದ್ವಿಚಕ್ರ ವಾಹನಕ್ಕೆ ಸೀಲು ಇದ್ದರೆ ಮಾತ್ರ. ಅದಿಲ್ಲದೆಯೂ ಅಂಗಡಿಯವನು ಗಾಡಿ ಕೊಡುತ್ತಾನೆ. ಆದರೆ ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ನಾಖೋನ್ ಫನೋಮ್‌ನಲ್ಲಿ ಸೈಕಲ್ ಸಾಕು. ನದಿ ಉದ್ದಕ್ಕೂ ಸೈಕಲ್ ದಾರಿ ಇದೆ, ಆಚೆ ದಡದಲ್ಲಿ ಲಾವೋಸಿನ ಸುಣ್ಣಕಲ್ಲು ಬೆಟ್ಟಗಳ ಸಾಲು. ಊರ ಹತ್ತಿರ ವಿಯೆಟ್ನಾಂ ನಾಯಕ ಹೋ ಚಿ ಮಿನ್ 1920ರ ದಶಕದಲ್ಲಿ ಇದ್ದ ಹಳ್ಳಿ ಇದೆ. ಒಂದು ದಿನ ಬಸ್ಸಿನಲ್ಲಿ ಥಾತ್ ಫನೋಮ್‌ಗೆ ಹೋಗಿ ಬಾ. ಅಲ್ಲಿನ ಸ್ತೂಪ 1975ರ ಆಗಸ್ಟ್ ಮಳೆಯಲ್ಲಿ ಕುಸಿದು ಬಿತ್ತು, ಈಗಿರುವುದು ಮತ್ತೆ ಕಟ್ಟಿದ್ದು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಭಿಕ್ಷುಗಳನ್ನು ಹೆಂಗಸರು ಮುಟ್ಟುವಂತಿಲ್ಲ, ಬಸ್ಸಿನಲ್ಲೂ ಪಕ್ಕ ಕೂರುವುದಿಲ್ಲ.

ಪ್ರಶ್ನೆ (ಶಿವಮೊಗ್ಗದಿಂದ): ನಮಗೆ ರಜೆ ಸಿಗೋದು ಮಾರ್ಚ್‌ನಲ್ಲಿ. ಬೆಟ್ಟ ಇಷ್ಟ. ಉತ್ತರ ಥಾಯ್ಲೆಂಡಿನ ನಾನ್, ಫ್ರೇ ಊರುಗಳ ಕಡೆ ಹೋಗಬಹುದಾ?

ಉತ್ತರ: ಊರುಗಳು ಬಹಳ ಚೆಂದ. ನಾನ್‌ನಲ್ಲಿ ವಾತ್ ಫೂಮಿನ್‌ನ ಗೋಡೆಚಿತ್ರ, ಫ್ರೇಯಲ್ಲಿ ತೇಗದ ಮನೆಗಳು. ಆದರೆ ಮಾರ್ಚ್ ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಕ್ಕೂ ಕಾಡಿಗೂ ಬೆಂಕಿ ಹಾಕುವ ಕಾಲ. ಹೊಗೆಯಲ್ಲಿ ಬೆಟ್ಟ ಕಾಣುವುದಿಲ್ಲ, ಗಂಟಲು ಕೆರೆಯುತ್ತದೆ. ಡಿಸೆಂಬರ್‌ಗೆ ಮುಂದೂಡಿ.

ಪ್ರಶ್ನೆ (ಮೈಸೂರಿನವರು ಮತ್ತೆ): ಸರ್, ಕೊನೆಯದಾಗಿ ಒಂದು. ವೀಸಾಗೆ ಏಜೆಂಟ್ ಹತ್ತಿರ ಹೋಗಬೇಕಾ? ಒಬ್ಬರು ಅರೈವಲ್ ಕಾರ್ಡಿಗೂ ದುಡ್ಡು ಕೇಳ್ತಿದ್ದಾರೆ.

ಉತ್ತರ: ಕೊಡಬೇಡಿ. 2024ರ ಜುಲೈಯಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಬರಲು ಬಿಟ್ಟರು. ಈ ನಿಯಮವನ್ನು ಅವರು ಆಗಾಗ ಬದಲಿಸುತ್ತಾರೆ, ಟಿಕೆಟ್ ಮಾಡುವ ದಿನ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ. ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ, ಆದರೆ ಪೂರ್ತಿ ಉಚಿತ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಥಾಯ್ ವಲಸೆ ಇಲಾಖೆಯ ಸೈಟ್‌ನಲ್ಲಿ ನೀವೇ ತುಂಬಬಹುದು. ದುಡ್ಡು ಕೇಳುವ ಸೈಟ್ ಬಂದರೆ ಅದು ಅಸಲಿ ಅಲ್ಲ. ಮೊದಲ ರಾತ್ರಿಯ ಹೋಟೆಲ್ ವಿಳಾಸ, ವಾಪಸ್ ಟಿಕೆಟ್ ಕೈಯಲ್ಲಿಟ್ಟುಕೊಂಡು ಕೂತರೆ ಹದಿನೈದು ನಿಮಿಷದ ಕೆಲಸ. ಯಜಮಾನರ ಕಾರ್ಡನ್ನೂ ನೀವೇ ತುಂಬಿ ಮೇಡಂ, ಪಾಸ್‌ಪೋರ್ಟ್ ನಂಬರ್ ಎರಡು ಸಲ ತಾಳೆ ನೋಡಿ.