ಸೀಳುತುಟಿ, ಸೀಳು ಅಂಗುಳ: ದೋಷ ಒಂದೋ, ಎರಡೋ?

ಭ್ರೂಣದರ್ಶಿ: ‘ಸೀಳುತುಟಿ ಸಣ್ಣ ರೂಪ, ಸೀಳು ಅಂಗುಳ ಅದರದೇ ದೊಡ್ಡ ರೂಪ’ ಎಂಬ ಮಾತು ಇಲ್ಲಿ ಮತ್ತೆ ಮತ್ತೆ ಬರುತ್ತಿದೆ. ಒಪ್ಪಲಾರೆ. ಫಲೀಕರಣದಿಂದ ಎಣಿಸಿದರೆ 4ನೇ ವಾರದ ಕೊನೆಗೆ ಬಾಯಿಗುಳಿಯ ಸುತ್ತ ಐದು ಉಬ್ಬುಗಳಿರುತ್ತವೆ: ಹಣೆ-ಮೂಗಿನದು ಒಂದು, ಮೇಲ್ದವಡೆಯವು ಎರಡು, ಕೆಳದವಡೆಯವು ಎರಡು. 6–7ನೇ ವಾರದಲ್ಲಿ ಮೇಲ್ದವಡೆಯ ಉಬ್ಬು, ಹಣೆ-ಮೂಗಿನ ಉಬ್ಬಿನಿಂದ ಮೂಡಿದ ಮೂಗಿನ ಒಳಬದಿಯ ಉಬ್ಬಿನೊಂದಿಗೆ ಕೂಡಿ ಮೇಲ್ದುಟಿಯಾಗುತ್ತದೆ. ಕೂಡದಿದ್ದರೆ ಸೀಳುತುಟಿ. ಸೀಳು ಸಾಮಾನ್ಯವಾಗಿ ನಟ್ಟನಡುವೆ ಇರದೆ ಪಕ್ಕಕ್ಕಿರುವುದು ಇದರಿಂದಲೇ. ಅಂಗುಳದ ದಾರಿಯೇ ಬೇರೆ. ಅದರ ಎರಡು ಹಲಗೆಗಳು ಮೊದಲು ನಾಲಿಗೆಯ ಅಕ್ಕಪಕ್ಕ ಕೆಳಮುಖವಾಗಿರುತ್ತವೆ. ನಾಲಿಗೆ ತಗ್ಗಿದಾಗ ಮೇಲೆದ್ದು, ಅಡ್ಡಕ್ಕೆ ಬಂದು, ನಡುವೆ ಬೆಸೆಯುತ್ತವೆ. ಕಿರುನಾಲಿಗೆಯವರೆಗೆ ಮುಗಿಯಲು 12ನೇ ವಾರ ಬೇಕು.

ನವಜಾತ: ಸರಿ ಸರ್, ಆದರೆ ಎಷ್ಟೋ ಮಕ್ಕಳಲ್ಲಿ ತುಟಿ, ಅಂಗುಳ ಎರಡೂ ಸೀಳಿರುತ್ತವಲ್ಲ?

ಭ್ರೂಣದರ್ಶಿ: ಮುಂಭಾಗ ಕೂಡದಿದ್ದರೆ ಹಲಗೆಗಳ ನಡುವಿನ ಅಂತರ ಹಿಗ್ಗುತ್ತದೆ, ಎದ್ದರೂ ಒಂದನ್ನೊಂದು ಮುಟ್ಟಲಾಗದು. ಅದು ಮೊದಲ ತಪ್ಪಿನ ಪರಿಣಾಮ. ಅಂಗುಳ ಮಾತ್ರ ಸೀಳಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ಪಿಯರ್ ರಾಬಿನ್ ಸ್ಥಿತಿಯನ್ನೇ ನೋಡಿ: ಕೆಳದವಡೆ ಕಿರಿದು, ನಾಲಿಗೆಗೆ ಇಳಿಯಲು ಜಾಗವಿಲ್ಲ, ಹಲಗೆಗಳಿಗೆ ಅದೇ ಅಡ್ಡಿ. ಅಲ್ಲಿ ಸೀಳು ಅಗಲವಾಗಿ, ಹಿಂದಕ್ಕೆ ತೆರೆದ ಕಮಾನಿನಂತಿರುತ್ತದೆ. 1942ರಲ್ಲೇ ಡೆನ್ಮಾರ್ಕಿನ ವೈದ್ಯ ಫೋ-ಆಂಡರ್ಸನ್, ಸೀಳಿರುವವರ ಕುಟುಂಬಗಳ ವಿವರ ನೋಡಿ, ಸೀಳುತುಟಿಯನ್ನೂ ಅಂಗುಳವೊಂದೇ ಸೀಳುವುದನ್ನೂ ಬೇರ್ಪಡಿಸಿದ್ದರು. ಸೀಳುತುಟಿ ಗಂಡುಮಕ್ಕಳಲ್ಲಿ ಹೆಚ್ಚು, ಅಂಗುಳವೊಂದೇ ಸೀಳುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಹೆಣ್ಣುಭ್ರೂಣದಲ್ಲಿ ಹಲಗೆಗಳು ಸುಮಾರು ಒಂದು ವಾರ ತಡವಾಗಿ ಕೂಡುತ್ತವೆ ಎಂಬುದನ್ನು ಕಾರಣವಾಗಿ ಹೇಳುತ್ತಾರೆ.

ತಳಿಸೂತ್ರ: ಅಷ್ಟು ಗಟ್ಟಿಯಾಗಿ ಗೆರೆ ಎಳೆಯಬೇಡಿ. ವಾನ್ ಡರ್ ವೌಡ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಲ್ಲಿ ಒಂದೇ ಮನೆಯಲ್ಲಿ ಒಬ್ಬರಿಗೆ ಸೀಳುತುಟಿ, ಇನ್ನೊಬ್ಬರಿಗೆ ಬರೀ ಸೀಳು ಅಂಗುಳ ಬರಬಹುದು. ಹೆಚ್ಚಿನವರಲ್ಲಿ ಕಾರಣ ಐಆರ್‌ಎಫ್6 ಎಂಬ ಜೀನ್‌ನ ದೋಷ. ಆ ಜೀನ್‌ನ ಕೆಲಸ ಮೇಲ್ಪೊರೆಯಲ್ಲಿ, ಎರಡೂ ಬೆಸುಗೆಗಳಿಗೆ ಆ ಪೊರೆ ಸರಿಯಿರಬೇಕು. ಮಗುವಿನದಷ್ಟೇ ಅಲ್ಲ, ತಂದೆತಾಯಿಯ ಕೆಳದುಟಿಯನ್ನೂ ನೋಡಿ. ಅಲ್ಲಿ ಈ ಸಿಂಡ್ರೋಮ್‌ನ ಗುರುತಾದ ಪುಟ್ಟ ಕುಳಿಗಳಿದ್ದರೆ ಪ್ರತಿ ಮಗುವಿಗೂ ಆ ಜೀನ್‌ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಭ್ರೂಣದರ್ಶಿ: ಈ ತಿದ್ದುಪಡಿಯನ್ನು ಒಪ್ಪುತ್ತೇನೆ. ಘಟನೆಗಳು ಎರಡು, ಕಾರಣ ಕೆಲವೊಮ್ಮೆ ಒಂದೇ.

ನವಜಾತ: ಈ ಭೇದ ಹೆರಿಗೆ ಕೋಣೆಯಲ್ಲೂ ಮುಖ್ಯ. ತುಟಿಯ ಸೀಳು ಸ್ಕ್ಯಾನಿನಲ್ಲಿ ಬಹಳಷ್ಟು ಸಲ ಕಾಣುತ್ತದೆ, ಅಂಗುಳದ್ದು ಮಾತ್ರವಾದರೆ ತಪ್ಪಿಹೋಗುವುದೇ ಹೆಚ್ಚು. ಬೆರಳಾಡಿಸಿದರೆ ಸಾಲದು, ನಾಲಿಗೆ ಒತ್ತಿ, ಟಾರ್ಚ್ ಹಿಡಿದು ಕಿರುನಾಲಿಗೆಯವರೆಗೆ ಕಣ್ಣಾರೆ ನೋಡಬೇಕು. ಕಿರುನಾಲಿಗೆ ಕವಲೊಡೆದಿದ್ದರೆ ಲೋಳೆಪೊರೆಯ ಕೆಳಗೆ ಸ್ನಾಯು ಕೂಡಿಲ್ಲವೇ ಎಂದು ಪರೀಕ್ಷಿಸಿ. ಗಮನಿಸದೆ ಬಿಟ್ಟರೆ ಹಾಲು ಮೂಗಿನಿಂದ ಬರುವುದು, ಮುಂದೆ ಮಾತು ಮೂಗಿನಲ್ಲಿ ಹೊರಡುವುದು.